ಛಾಯಾಗ್ರಹಣದ ವಿದ್ಯಾರ್ಥಿಗಳೂ ಅವರ ನಿಲಯವಾಸವೂ

ಶ್ರೀಮಠದ ಮಹೋತ್ಸವದ ನೆನಹಿಗಾಗಿ ಹೊರಡುತ್ತಿರುವ ಈ ಸಂಪುಟಕ್ಕೆ ಒಂದು ಚಾರಿತ್ರಿಕ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಹನೀಯರು ಅಪ್ಪಣೆಯಿತ್ತಾಗ, ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೋದಿ ಅಲ್ಲಿಯೇ ತಲೆ ನರೆಸಿಕೊಂಡ ನಾನು ಆಗಮಗಳನ್ನೋ ಶರಣರ ಚರಿತ್ರೆಯನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದು ಸಹಜವೇ. ಪರಂತು ಆ ವಿಷಯಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆದಿದ್ದಾರೆ. ನಾನು ಆರಿಸಿಕೊಂಡ ವಿಷಯವು ಭಕ್ತಮಹಾಶಯರಿಗೆ ಕೊಂಚ ವಿಚಿತ್ರವೆನಿಸೀತು. ಛಾಯಾಚಿತ್ರವನ್ನು ತೆಗೆಯುವ ವಿದ್ಯೆಯನ್ನು ಕಲಿಯುವ ಹುಡುಗರು ಎಲ್ಲಿ ವಾಸಮಾಡಿದರು, ಎಲ್ಲಿ ಉಂಡರು, ಯಾವ ಹೊತ್ತಿನಲ್ಲಿ ಮಲಗಿದರು, ಅವರ ವಾಸಸ್ಥಾನಗಳಲ್ಲಿ ಯಾವ ನಡಾವಳಿಗಳು ಬೆಳೆದುಬಂದವು ಎಂಬುದೇ ಆ ವಿಷಯ. ಇದಕ್ಕೂ ಮಠಕ್ಕೂ ಏನು ಸಂಬಂಧವೆಂದು ಕೇಳುವವರು ಈ ಸಂಪುಟದ ಚಿತ್ರಪುಟಗಳನ್ನು ಒಮ್ಮೆ ತಿರುವಿ ನೋಡಬೇಕಾಗಿ ವಿಜ್ಞಾಪನೆ. ಅಲ್ಲಿ ಲಿಂಗೈಕ್ಯ ಹಿರಿಯ ಶ್ರೀಗಳವರ ಕಡೆಯ ವರ್ಷದ ಚಿತ್ರವೊಂದೂ ಇಲ್ಲ. ಅದು ಏಕೆ ಇಲ್ಲವೆಂಬುದನ್ನು ಬಲ್ಲವರು ಇಬ್ಬರೇ, ಅವರಲ್ಲಿ ನಾನೊಬ್ಬನು. ಆ ಮಾತು ತನ್ನ ಎಡೆಯಲ್ಲಿ ಬರುವುದು.

ಬಿಂಬವನ್ನು ಬೆಳಕಿನಿಂದಲೇ ಬರೆಯಿಸಿ ನಿಲ್ಲಿಸುವ ಉಪಾಯವನ್ನು ಫ್ರಾನ್ಸ್ ದೇಶದ ದಾಗೇರ್ ಎಂಬ ಚಿತ್ರಕಾರರು ಸಾಧಿಸಿದರು. ಅದರ ರಹಸ್ಯವನ್ನು ೧೮೩೯ನೆಯ ಆಗಸ್ಟ್ ೧೯ರಂದು ಪ್ಯಾರಿಸ್ ನಗರದಲ್ಲಿ ವಿದ್ವಾಂಸರ ಸಭೆಯೆದುರು ಬಹಿರಂಗಪಡಿಸಿದರು. ಅಲ್ಲಿಂದ ಹದಿನೈದು ವರ್ಷಗಳೊಳಗೆ ಈ ವಿದ್ಯೆಯು ಕನ್ನಡನಾಡಿನ ಗುಡಿಗಳ ಬಾಗಿಲಿಗೆ ಬಂದಿತು. ೧೮೫೪ರಲ್ಲಿ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಬೇಲೂರು ಹಳೇಬೀಡುಗಳ ದೇಗುಲಗಳನ್ನು ಚಿತ್ರಿಸಿದನು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಮತ್ತೊಬ್ಬ ಅಧಿಕಾರಿಯು ಹಂಪೆಯ ಹಾಳೂರಿನಲ್ಲಿ ಮೇಣ ಹಚ್ಚಿದ ದೊಡ್ಡ ಕಾಗದದ ಹಾಳೆಗಳ ಮೇಲೆ ವಿಜಯನಗರದ ಗೋಪುರಮಂಟಪಗಳನ್ನು ಇಳಿಸಿಕೊಂಡನು. ಆ ಹಾಳೆಗಳು ಇಂದಿಗೂ ಎಷ್ಟು ಸ್ಪಷ್ಟವಾಗಿವೆಯೆಂದರೆ, ೧೯೮೩ರಲ್ಲಿ ಆಸ್ಟ್ರೇಲಿಯ ದೇಶದ ಜಾನ್ ಗಾಲಿಂಗ್ಸ್ ಎಂಬವರು ಅದೇ ತಾಣಗಳನ್ನು ಹುಡುಕಿ ನಿಂತು ಮರಳಿ ಚಿತ್ರ ತೆಗೆದು, ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವ ಕಂಬ ಬಿದ್ದಿತು, ಯಾವುದು ನಿಂತಿತು ಎಂಬುದನ್ನು ಜೋಡಿಸಿ ತೋರಿಸಲು ಸಾಧ್ಯವಾಯಿತು. ಶಾಸನಗಳನ್ನು ಓದಿ ಚರಿತ್ರೆ ಬರೆಯುವ ನಮಗೆ ಇದಕ್ಕಿಂತ ಮಿಗಿಲಾದ ಸಾಕ್ಷಿ ಬೇಕೆ?

೧೮೬೬ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪವನ್ನು ಕುರಿತ ಒಂದು ಬೃಹದ್ಗ್ರಂಥವು ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಚಿತ್ರಗಳನ್ನು ಪಿಗೂ, ನೀಲ್, ಬಿಗ್ಸ್ ಎಂಬ ಮೂವರು ತೆಗೆದಿದ್ದರು. ಅದರ ಐತಿಹಾಸಿಕ ಪ್ರಬಂಧವನ್ನು ಬರೆದವರು ನಮ್ಮ ಸೀಮೆಯವರಿಗೆ ಹೊಸಬರಲ್ಲ. ೧೮೪೧ರಿಂದ ೧೮೫೩ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡು, ಇಂದಿಗೂ ಅಲ್ಲಿ ತಮ್ಮ ಹೆಸರಿನ ಮಂಜಿಲನ್ನು ಉಳಿಸಿಹೋಗಿರುವ ಮೆಡೋಸ್ ಟೇಲರ್ ಸಾಹೇಬರೇ ಅವರು. ದೇವದುರ್ಗದ ಹಳಬರ ಬಾಯಲ್ಲಿ ಈ ಸಾಹೇಬರ ಮಾತು ಬಹುಕಾಲ ನಡೆಯುತ್ತಿತ್ತು.

ಆ ಕಾಲದಲ್ಲಿ ಈ ವಿದ್ಯೆಯನ್ನು ಕಲಿಯುವವನಿಗೆ ಶಾಲೆಯೂ ಇರಲಿಲ್ಲ, ನಿಲಯವೂ ಇರಲಿಲ್ಲ. ಗುಡಾರವೊಂದೇ ಎರಡೂ ಆಗಿತ್ತು. ಮದ್ರಾಸಿನಲ್ಲಿ ಡಾಕ್ಟರ್ ಹಂಟರ್ ಎಂಬವರು ೧೮೫೦ರಲ್ಲಿ ತೆರೆದ ಕಲಾಶಾಲೆಯೊಂದರಲ್ಲಿ ಮಾತ್ರ ಆ ದಶಕದಲ್ಲಿಯೇ ಇದರ ಪಾಠವು ಮೊದಲಾಗಿದ್ದಿತು. ಗುಡಾರವಾಸಕ್ಕೆ ಕಾರಣವು ವಿದ್ಯೆಯ ಸ್ವಭಾವದಲ್ಲಿಯೇ ಇತ್ತು. ೧೮೫೧ರಲ್ಲಿ ಬಳಕೆಗೆ ಬಂದ ಕೊಲೋಡಿಯನ್ ಪದ್ಧತಿಯಲ್ಲಿ ಗಾಜಿನ ಫಲಕಕ್ಕೆ ದ್ರವವನ್ನು ಸುರಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಪೆಟ್ಟಿಗೆಯಲ್ಲಿಟ್ಟು ಬೆಳಕು ತೋರಿಸಿ, ಒಣಗುವ ಮುನ್ನವೇ ಕತ್ತಲೆಯಲ್ಲಿ ತೊಳೆಯಬೇಕು. ನಮ್ಮ ಬಿಸಿಲಿನಲ್ಲಿ ಆ ಹಸಿ ನಿಲ್ಲುವುದು ಕೆಲವೇ ನಿಮಿಷ. ಆದಕಾರಣ ಕಲಿಯುವ ಹುಡುಗನು ಉಣ್ಣುವ, ಮಲಗುವ, ನೀರು ಹೊರುವ, ಫಲಕ ತೊಳೆಯುವ ಸ್ಥಳವೆಲ್ಲ ಒಂದೇ ಆಗಿರಲೇಬೇಕಾಯಿತು. ಇದನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಏಕೆಂದರೆ ೧೮೭೧ರ ತರುವಾಯ ಒಣಫಲಕಗಳು ಬಂದು ಗುಡಾರವು ತಪ್ಪಿದರೂ ಕತ್ತಲೆಯ ಕೋಣೆಯು ತಪ್ಪಲಿಲ್ಲ. ಮುಂದಿನ ನೂರು ವರ್ಷ ಛಾಯಾಗ್ರಹಣದ ವಿದ್ಯಾರ್ಥಿಯು ಎಲ್ಲಿ ವಾಸಿಸಿದರೂ ಅವನಿಗೆ ಬೇಕಾದುದು ನಾಲ್ಕೇ ವಸ್ತು: ಬೆಳಕು ನುಸುಳದ ಒಂದು ಕೋಣೆ, ಧಾರಾಳವಾದ ನೀರು, ತಂಪು ಹೊತ್ತು, ಮತ್ತು ಯಾರೂ ಬಾಗಿಲು ತೆರೆಯುವುದಿಲ್ಲವೆಂಬ ಭರವಸೆ.

ರಾಯಚೂರಿಗೆ ಈ ವಿದ್ಯೆ ಬಂದುದು ರೈಲಿನ ಹಾದಿಯಿಂದ ಎನ್ನಬೇಕು. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ ೧೮೭೧ರಲ್ಲಿ ಕೂಡಿದುದು ನಮ್ಮ ರಾಯಚೂರಿನಲ್ಲಿಯೇ. ಕೃಷ್ಣೆಯನ್ನು ದೋಣಿಯಲ್ಲಿ ದಾಟಿ ಶ್ರೀ ಸುಗೂರೇಶ್ವರನ ದರ್ಶನಕ್ಕೆ ಬರುತ್ತಿದ್ದ ಯಾತ್ರಿಕರು ಹೊಗೆಬಂಡಿಯನ್ನು ಕಂಡು ಬೆರಗಾದ ಕಾಲವದು. ಆಗ ಈ ಸೀಮೆಯೆಲ್ಲ ನಿಜಾಮ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ರಾಜಧಾನಿಯಲ್ಲಿಯೇ ಹಿಂದುಸ್ಥಾನದ ಅತ್ಯಂತ ಪ್ರಸಿದ್ಧ ಛಾಯಾಗ್ರಾಹಕರಾದ ರಾಜಾ ದೀನದಯಾಳರು ನೆಲೆಸಿದ್ದರೆಂಬುದು ನಮ್ಮವರು ಅಭಿಮಾನದಿಂದ ಹೇಳಿಕೊಳ್ಳಬಹುದಾದ ಸಂಗತಿ. ೧೮೪೪ರಲ್ಲಿ ಮೀರತ್ ಸಮೀಪದ ಸರ್ಧನೆಯಲ್ಲಿ ಹುಟ್ಟಿ, ರೂರ್ಕಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಸರಕಾರಿ ಚಾಕರಿಯಲ್ಲಿದ್ದಾಗ ಈ ವಿದ್ಯೆಗೆ ಮನಸೋತ ಅವರು, ಆರನೆಯ ನಿಜಾಮರ ಆಸ್ಥಾನಕ್ಕೆ ಬಂದು ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ೧೮೯೨ರಲ್ಲಿ ಗೋಷಾ ಸ್ತ್ರೀಯರಿಗಾಗಿಯೇ ಪ್ರತ್ಯೇಕ ಸ್ಟುಡಿಯೋ ಒಂದನ್ನು ಏರ್ಪಡಿಸಿ ಅದನ್ನು ಆಂಗ್ಲ ಮಹಿಳೆಯೊಬ್ಬರ ಕೈಗೆ ಒಪ್ಪಿಸಿದರು. ೧೮೯೪ರಲ್ಲಿ ‘ಮುಸವ್ವರ್ ಜಂಗ್’ ಎಂಬ ಬಿರುದು ಬಂದಿತು. ೧೯೦೫ರಲ್ಲಿ ತೀರಿಕೊಂಡರು.

ಇಂಥ ದೊಡ್ಡ ಸ್ಟುಡಿಯೋಗಳಲ್ಲಿಯೂ, ಅವುಗಳನ್ನು ನೋಡಿ ಜಿಲ್ಲೆಯ ಊರುಗಳಲ್ಲಿ ತಲೆಯೆತ್ತಿದ ಸಣ್ಣ ಅಂಗಡಿಗಳಲ್ಲಿಯೂ ಕಲಿಕೆಯು ಅಕ್ಷರಶಃ ಗುರುಕುಲವಾಗಿತ್ತು. ಹುಡುಗನು ಹತ್ತು ಹನ್ನೆರಡನೆಯ ವಯಸ್ಸಿಗೆ ಉಸ್ತಾದರ ಬಳಿಗೆ ಬರುವನು. ಮೊದಲ ವರ್ಷ ನೆಲ ಗುಡಿಸುವುದು, ನೀರು ತರುವುದು, ಪರದೆ ಕಟ್ಟುವುದು. ಎರಡನೆಯ ವರ್ಷ ಗಾಜು ತೊಳೆಯುವುದು. ಆ ಮೇಲೆ ಫಲಕದ ಮೇಲೆ ಸಣ್ಣ ಪೆನ್ಸಿಲಿನಿಂದ ಮುಖದ ಕಲೆಗಳನ್ನು ತಿದ್ದುವ ಕೆಲಸ. ಪೆಟ್ಟಿಗೆಯನ್ನು ಮುಟ್ಟುವ ಅಧಿಕಾರ ಎಲ್ಲಕ್ಕೂ ಕಡೆಗೆ. ರಾತ್ರಿ ಅಂಗಡಿಯಲ್ಲಿಯೇ, ಬಣ್ಣದ ಅರಮನೆಯನ್ನೋ ಸರೋವರವನ್ನೋ ಬರೆದ ಪರದೆಯ ಕೆಳಗೆ, ಚಾಪೆ ಹಾಸಿಕೊಂಡು ಮಲಗುವನು. ಹಣದ ಬೋಧನೆಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಚಿತ್ರ ತೆಗೆಸಿಕೊಂಡರೆ ಆಯುಷ್ಯ ಕುಂದುವುದೆಂದು ಜನರು ನಂಬಿದ್ದ ಕಾಲದಲ್ಲಿ ಇಂಥ ಹುಡುಗನಿಗೆ ಹೆಣ್ಣು ಕೊಡಲೂ ಹಿಂದೆಗೆಯುತ್ತಿದ್ದರೆಂದು ನಮ್ಮ ಹಿರಿಯರು ನಗುತ್ತ ಹೇಳುತ್ತಿದ್ದುದನ್ನು ನಾನು ಕೇಳಿದ್ದೇನೆ.

ಇತ್ತ ಅದೇ ಕಾಲದಲ್ಲಿ ನಮ್ಮ ಸಮಾಜದಲ್ಲಿ ಮತ್ತೊಂದು ಬಗೆಯ ವಾಸಸ್ಥಾನವು ಬೆಳೆಯುತ್ತಿತ್ತು. ಹಳೆಯ ಕಾಲದ ಬಡ ವಿದ್ಯಾರ್ಥಿಗೆ ವಾರಾನ್ನವೋ ಕಂತಿಭಿಕ್ಷೆಯೋ ಗತಿಯಾಗಿದ್ದಿತು. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ತಂದ ರೊಟ್ಟಿ ಪಲ್ಯಗಳನ್ನು ಕೂಡಿ ಉಣ್ಣುವುದರಲ್ಲಿ ಒಂದು ಸಮಾನತೆಯಿತ್ತು. ಆದರೆ ಹೊತ್ತೆಲ್ಲ ಅದರಲ್ಲಿಯೇ ಕಳೆಯುತ್ತಿತ್ತು. ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯು ಹುಟ್ಟಿತು. ಬೆಂಗಳೂರಿನಲ್ಲಿ ಗುಬ್ಬಿಯ ತೋಟದಪ್ಪನವರು ರೈಲುನಿಲ್ದಾಣದ ಇದಿರಿನಲ್ಲಿ ಕಟ್ಟಿಸಿದ ಧರ್ಮಛತ್ರವು ೧೯೦೩ರಲ್ಲಿ ತೆರೆಯಿತು. ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಅವರ ಧರ್ಮದಿಂದ ನಡೆಯಿತು. ೧೯೦೯ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆಯು ಮೊದಲಾಗಿ, ಮುಂದೆ ಅಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯ ಪ್ರಸಾದವು ನಡೆದುದನ್ನು ಅರಿಯದ ಕನ್ನಡಿಗರಿಲ್ಲ.

ಈ ನಿಲಯಗಳ ದಿನಚರಿಯು ಭಕ್ತರಿಗೆ ಚಿರಪರಿಚಿತವಾದುದು. ನಸುಕಿನಲ್ಲಿ ಗಂಟೆ, ತಣ್ಣೀರ ಸ್ನಾನ, ಲಿಂಗಪೂಜೆ, ಸಾಮೂಹಿಕ ಪ್ರಾರ್ಥನೆ, ಪಂಕ್ತಿಯಲ್ಲಿ ಪ್ರಸಾದ. ನಮ್ಮ ಸೀಮೆಯಲ್ಲಾದರೆ ಜೋಳದ ರೊಟ್ಟಿ, ಪುಂಡಿಪಲ್ಯ, ನುಚ್ಚು ಮಜ್ಜಿಗೆ; ಹಬ್ಬಕ್ಕೆ ಹೋಳಿಗೆ. ಉಂಡ ತಟ್ಟೆಯನ್ನು ಅವರವರೇ ತೊಳೆದಿಡಬೇಕು. ಸಂಜೆ ಮತ್ತೆ ಪ್ರಾರ್ಥನೆ, ಓದು, ಒಂಬತ್ತೂವರೆಗೆ ದೀಪ ಆರಿಸತಕ್ಕದ್ದು. ಸಾವಿರಾರು ಒಕ್ಕಲುಮಕ್ಕಳು ವಕೀಲರೂ ವೈದ್ಯರೂ ಆದುದು ಈ ಗಂಟೆಯ ಬಲದಿಂದ. ಇದನ್ನು ನಾನು ಎಂದೂ ಹೀಗಳೆಯಲಾರೆನು. ಪರಂತು ಈ ಗಂಟೆಯನ್ನು ಕಟ್ಟಿದವರ ಮನಸ್ಸಿನಲ್ಲಿದ್ದ ವಿದ್ಯಾರ್ಥಿಯು ಪುಸ್ತಕ ಓದುವವನು. ಕೈಕಸುಬಿನ ವಿದ್ಯಾರ್ಥಿಯನ್ನು ಅವರು ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಕಾಯಕದ ಹೆಸರಿನಿಂದಲೇ ಮಾಚಯ್ಯನನ್ನೂ ಚೌಡಯ್ಯನನ್ನೂ ಕರೆದು ಗೌರವಿಸಿದ ಸಮಾಜದಲ್ಲಿ ಇದು ಹೇಗಾಯಿತೆಂದು ನನಗೆ ಈಗ ಸೋಜಿಗವಾಗುತ್ತದೆ, ಆಗ ಆಗಿರಲಿಲ್ಲ.

ಇದಕ್ಕೆ ಅಪವಾದವಾಗಿ ನಿಂತುದು ಗದಗಿನ ವೀರೇಶ್ವರ ಪುಣ್ಯಾಶ್ರಮ. ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ತಾವು ಅಂಧರಾಗಿದ್ದು, ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಾಗುವ ಸಂಗೀತಶಾಲೆಯನ್ನು ನಡೆಸಿ, ಕಡೆಗೆ ಗದಗಿನಲ್ಲಿ ನೆಲೆಗೊಳಿಸಿದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ೨೦೧೦ರವರೆಗೂ ಅದನ್ನು ಸಾಗಿಸಿದರು. ಅಲ್ಲಿ ಗಂಟೆಯು ವಿದ್ಯೆಗೆ ಅಧೀನವೇ ಹೊರತು ವಿದ್ಯೆಯು ಗಂಟೆಗೆ ಅಧೀನವಲ್ಲ. ಬೆಳಗಿನ ಜಾವಕ್ಕೆ ಸ್ವರಸಾಧನೆ ಬೇಕೆಂದರೆ ಮನೆಯೇ ಬೆಳಗಿನ ಜಾವಕ್ಕೆ ಏಳುತ್ತದೆ. ಒಂದೇ ವಿದ್ಯೆಯನ್ನು ಕಲಿಯುವವರು ಒಂದೇ ಸೂರಿನ ಕೆಳಗಿದ್ದರೆ ಏನಾಗುವುದೆಂಬುದಕ್ಕೆ ನಮ್ಮಲ್ಲಿಯೇ ಇದ್ದ ನಿದರ್ಶನವಿದು.

ಛಾಯಾಗ್ರಹಣವು ಕನ್ನಡನಾಡಿನಲ್ಲಿ ಉಸ್ತಾದರ ಅಂಗಡಿಯಿಂದ ಕಾಲೇಜಿನ ಕಟ್ಟಡಕ್ಕೆ ಬಂದುದು ೧೯೪೩ರಲ್ಲಿ. ಮಹಾಯುದ್ಧದ ನಡುವೆ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ, ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯನ್ನು ತೆರೆಯಿತು. ಮುಂದೆ ಪಾಲಿಟೆಕ್ನಿಕ್ ಎಂದು ಹೆಸರಾದುದು ಇದೇ. ಚಲಚ್ಚಿತ್ರದ ಛಾಯಾಗ್ರಹಣಕ್ಕೂ ಧ್ವನಿಮುದ್ರಣಕ್ಕೂ ಡಿಪ್ಲೊಮಾ ಕೊಡುವ ಶಾಲೆಯು ಆಗ ಹಿಂದುಸ್ಥಾನದಲ್ಲಿ ಅಪರೂಪ. ಅದರ ಮೊದಲ ತಂಡದಲ್ಲಿಯೇ ೧೯೪೬ರಲ್ಲಿ ತೇರ್ಗಡೆಯಾಗಿ ಹೊರಬಂದವರು ಮೈಸೂರಿನ ವಿ. ಕೆ. ಮೂರ್ತಿಯವರು. ೧೯೨೩ರಲ್ಲಿ ಹುಟ್ಟಿ, ಪಿಟೀಲು ಕಲಿತು, ಸಿನೆಮಾದ ಹುಚ್ಚಿನಿಂದ ಮುಂಬಯಿಗೆ ಹೋಗಿ ಬರಿಗೈಯಲ್ಲಿ ಮರಳಿ, ಸ್ವಾತಂತ್ರ್ಯದ ಚಳವಳಿಯಲ್ಲಿ ಸೆರೆಮನೆ ಕಂಡು, ಆ ಮೇಲೆ ಇಲ್ಲಿ ಸೇರಿದವರು ಅವರು. ಗುರುದತ್ತರ ‘ಪ್ಯಾಸಾ’ ೧೯೫೭ರಲ್ಲಿಯೂ ‘ಕಾಗಜ್ ಕೆ ಫೂಲ್’ ೧೯೫೯ರಲ್ಲಿಯೂ ತೆರೆಗೆ ಬಂದವು. ಎರಡನೆಯದರಲ್ಲಿ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿ ಕತ್ತಲೆಯ ನಡುವೆ ಬೆಳಕಿನ ಕಂಬವೊಂದನ್ನು ನಿಲ್ಲಿಸಿದ ಅವರ ಉಪಾಯವನ್ನು ಈ ಕಸುಬಿನವರು ಇಂದಿಗೂ ಪಾಠದಂತೆ ಹೇಳುತ್ತಾರೆ. ಬೆಳಕು ತೋರುವುದು ಕತ್ತಲೆಯನ್ನು ಬಲ್ಲವನಿಗೇ ಎಂಬುದಕ್ಕೆ ಬೇರೆ ಭಾಷ್ಯ ಬೇಡ. ದಾದಾಸಾಹೇಬ್ ಫಾಲ್ಕೆ ಪುರಸ್ಕಾರವು ೨೦೦೮ನೆಯ ಸಾಲಿಗೆ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು. ೨೦೧೪ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅದೇ ಸಂಸ್ಥೆಯಿಂದ ೧೯೬೨ರಲ್ಲಿ ಹೊರಬಂದ ಗೋವಿಂದ ನಿಹಲಾನಿಯವರು ಮುಂಬಯಿಗೆ ಹೋಗಿ ಈ ಮೂರ್ತಿಯವರ ಕೈಕೆಳಗೆಯೇ ಕೆಲಸ ಕಲಿತರು. ಗುರುಪರಂಪರೆಯು ಪ್ರಮಾಣಪತ್ರ ದೊರೆತ ಮೇಲೂ ಬೇಕಾಯಿತೆಂಬುದು ಗಮನಿಸತಕ್ಕದ್ದು.

ಮುಂದೆ ಆ ವಿಭಾಗವು ಪಾಲಿಟೆಕ್ನಿಕ್ಕಿನಿಂದ ಬೇರ್ಪಟ್ಟು ಹೆಸರಘಟ್ಟದಲ್ಲಿ ಸರಕಾರದ ಚಲಚ್ಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾಯಿತು. ಮೈಸೂರಿನಲ್ಲಿ ೧೯೦೬ರಲ್ಲಿ ಅಸ್ತಿಭಾರ ಹಾಕಿದ ಚಾಮರಾಜೇಂದ್ರ ತಾಂತ್ರಿಕ ಶಾಲೆಯು ಮುಂದೆ ದೃಶ್ಯಕಲಾ ಅಕಾಡೆಮಿಯಾಗಿ, ಅಲ್ಲಿಯೂ ಛಾಯಾಚಿತ್ರಣವು ಪಾಠವಿಷಯವಾಗಿದೆ. ಇವನ್ನು ಇಲ್ಲಿ ಬರಿದೆ ಹೆಸರಿಸಿ ಮುಂದೆ ಸಾಗುತ್ತೇನೆ.

ಶಾಲೆಯೇನೋ ಬಂದಿತು, ಆದರೆ ಉಸ್ತಾದರ ಅಂಗಡಿಯಲ್ಲಿ ಮಲಗುತ್ತಿದ್ದ ಹುಡುಗನಿಗೆ ಇದ್ದ ಒಂದು ಸೌಕರ್ಯವು ಕಾಲೇಜಿನ ಹುಡುಗನಿಗೆ ತಪ್ಪಿತು. ಬೆಂಗಳೂರಿನಂಥ ನಗರಗಳಲ್ಲಿ ಪರವೂರ ಬಡ ವಿದ್ಯಾರ್ಥಿಗಳಿಗೆ ಆಯಾ ಸಮಾಜದ ನಿಲಯಗಳೇ ಆಶ್ರಯ. ಅಲ್ಲಿ ಎಂಜಿನಿಯರಿಂಗ್ ಓದುವವನ ಪಕ್ಕದಲ್ಲಿ ಕಾನೂನು ಓದುವವನು, ಅವನ ಪಕ್ಕದಲ್ಲಿ ಸಂಸ್ಕೃತ ಓದುವವನು. ಮೂವರಿಗೂ ಪುಸ್ತಕವೂ ದೀಪವೂ ಇದ್ದರೆ ಸಾಕು. ನಾಲ್ಕನೆಯವನಿಗೆ ದೀಪವೇ ವೈರಿ. ಸಂಜೆ ಆರಕ್ಕೆ ಕಾಲೇಜಿನ ಕತ್ತಲೆಕೋಣೆಗೆ ಬೀಗ ಬಿದ್ದ ಮೇಲೆ ಅವನು ತನ್ನ ಅರ್ಧ ವಿದ್ಯೆಯನ್ನು ಹೊರಗೆ ಬಿಟ್ಟೇ ನಿಲಯಕ್ಕೆ ಬರಬೇಕು.

ಅನ್ಯತ್ರ ಇದಕ್ಕೆ ಕಂಡುಕೊಂಡ ಪರಿಹಾರಗಳನ್ನು ತಿಳಿದರೆ ಉಪಯೋಗವಾದೀತು. ೧೯೬೦ರಲ್ಲಿ ಪುಣೆಯಲ್ಲಿ ಪ್ರಭಾತ್ ಕಂಪನಿಯ ಹಳೆಯ ಸ್ಟುಡಿಯೋ ಆವರಣದಲ್ಲಿ ಕೇಂದ್ರ ಸರಕಾರದ ಚಲಚ್ಚಿತ್ರ ಸಂಸ್ಥೆಯು ಆರಂಭವಾಯಿತು. ನಮ್ಮ ಗಿರೀಶ ಕಾರ್ನಾಡರು ೧೯೭೪-೭೫ರಲ್ಲಿ ಅದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು ೧೯೭೫ರಲ್ಲಿ ಅಲ್ಲಿಂದ ಪದಕದೊಡನೆ ಹೊರಬಂದರು. ಅಲ್ಲಿ ಛಾಯಾಗ್ರಹಣ, ಧ್ವನಿ, ಸಂಕಲನ, ನಿರ್ದೇಶನಗಳನ್ನು ಕಲಿ­ಯುವವರು ಒಂದೇ ಆವರಣದಲ್ಲಿ ವಾಸಿಸುವರು. ಅಲ್ಲೊಂದು ಮಾವಿನ ಮರವಿದೆ. ಅದಕ್ಕೆ ‘ಜ್ಞಾನವೃಕ್ಷ’ವೆಂದೇ ವಿದ್ಯಾರ್ಥಿಗಳು ಹೆಸರಿಟ್ಟಿದ್ದಾರೆ. ರಾತ್ರಿ ನೋಡಿದ ಚಿತ್ರವನ್ನು ಕುರಿತು ಅದರ ಬುಡದಲ್ಲಿ ಕುಳಿತು ಬೆಳಗಿನವರೆಗೆ ವಾದಿಸುವುದು ಅಲ್ಲಿಯ ಸಂಪ್ರದಾಯ. ನಮ್ಮ ಪಾಠಶಾಲೆಯ ಅರಳಿಕಟ್ಟೆಯಲ್ಲಿ ಶಾಸ್ತ್ರಾರ್ಥ ನಡೆಸುತ್ತಿದ್ದ ನಮಗೆ ಇದು ಅಪರಿಚಿತವೆನಿಸದು. ಫಿಲ್ಮಿನ ಸುರುಳಿಗೆ ಜಗತ್ಪ್ರಸಿದ್ಧವಾದ ಕೊಡಾಕ್ ಕಂಪನಿಯ ಊರು ಅಮೆರಿಕದ ರಾಚೆಸ್ಟರ್. ಅಲ್ಲಿಯ ತಾಂತ್ರಿಕ ವಿದ್ಯಾಲಯದ ನಿಲಯದಲ್ಲಿ ‘ಫೋಟೋ ಹೌಸ್’ ಎಂಬ ಒಂದು ಭಾಗವೇ ಇದೆ. ಛಾಯಾಗ್ರಹಣದಲ್ಲಿ ಮನಸ್ಸುಳ್ಳ ವಿದ್ಯಾರ್ಥಿಗಳು ಅಲ್ಲಿ ಒಟ್ಟಿಗೆ ಇರುತ್ತಾರೆ. ಮಲಗುವ ಕೋಣೆಗಳ ಬಳಿಯಲ್ಲಿಯೇ ಕತ್ತಲೆಕೋಣೆ. ಅದನ್ನು ನಡೆಸುವ ಭಾರವೂ ಅವರದೇ.

ನಮ್ಮಲ್ಲಿ ಅಂಥ ಮನೆ ಇಲ್ಲದೆಡೆಯಲ್ಲಿಯೂ ಈ ವಿದ್ಯಾರ್ಥಿಗಳು ತಮ್ಮೊಳಗೆ ಕೆಲವು ನಡಾವಳಿಗಳನ್ನು ಬೆಳೆಸಿಕೊಂಡರು. ಫಿಲ್ಮು ದುಬಾರಿ, ಆದಕಾರಣ ಒಂದು ಸುರುಳಿಯನ್ನು ಮೂವರು ಹಂಚಿಕೊಳ್ಳುವುದು. ಉದಕಮಂಡಲದಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಸರಕಾರಿ ಕಾರ್ಖಾನೆಯ ‘ಇಂದು’ ಎಂಬ ಹೆಸರಿನ ಫಿಲ್ಮು ಬಂದ ಮೇಲೆ ಬೆಲೆ ಕೊಂಚ ತಗ್ಗಿತು, ಹಂಚಿಕೊಳ್ಳುವುದು ನಿಲ್ಲಲಿಲ್ಲ. ಹೊಸದಾಗಿ ಬಂದವನಿಗೆ ಹಿರಿಯನು ಕಣ್ಣು ಕಟ್ಟಿ, ಹಾಳಾದ ಹಳೆಯ ಸುರುಳಿಯೊಂದನ್ನು ಕೊಟ್ಟು, ಉರುಟೆಗೆ ಸುತ್ತುವುದನ್ನು ಬೆರಳುಗಳಿಗೆ ಕಲಿಸುವನು. ಇದೇ ಅವರ ದೀಕ್ಷೆ. ತೊಳೆದ ಫಿಲ್ಮನ್ನು ಬಟ್ಟೆಯ ಹಗ್ಗಕ್ಕೆ ಚಿಮಟಿ ಹಾಕಿ ತೂಗುಬಿಡುವರು. ಅದರ ಕೆಳಗೆ ಯಾರೂ ಧೂಳೆಬ್ಬಿಸಿ ನಡೆಯಕೂಡದು. ಔಷಧಿಯಿಂದ ಕಪ್ಪಾದ ಉಗುರುಗಳನ್ನು ನೋಡಿಯೇ ಒಬ್ಬರನ್ನೊಬ್ಬರು ಗುರುತಿಸುವರು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಮುಚ್ಚಿದ ಬಾಗಿಲನ್ನು ಬಡಿಯದೆ ತೆರೆಯಬಾರದು. ಬಡಿದ ಮೇಲೂ ಒಳಗಿನಿಂದ ಮಾತು ಬರುವವರೆಗೆ ಕಾಯಬೇಕು.

ನಮ್ಮ ಸೀಮೆಯ ಬಿಸಿಲು ಈ ವಿದ್ಯೆಗೆ ಮತ್ತೊಂದು ತೊಡಕನ್ನು ತಂದಿತು. ಔಷಧಿಯ ನೀರು ಇಪ್ಪತ್ತು ಡಿಗ್ರಿಯಷ್ಟು ತಂಪಾಗಿದ್ದರೆ ಒಳ್ಳೆಯದು. ರಾಯಚೂರಿನ ಬೇಸಗೆಯೋ ನಲವತ್ತನ್ನು ಮೀರುತ್ತದೆ. ಬಿಸಿನೀರಿನಲ್ಲಿ ಫಿಲ್ಮಿನ ಮೇಲಿನ ಸರೇಸಿನ ಪದರವು ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಕಳಚಿಯೂ ಹೋಗುತ್ತದೆ. ಆದಕಾರಣ ಇಲ್ಲಿಯವರು ಪಟಿಕವನ್ನು ಬೆರಸಿ ಪದರವನ್ನು ಗಟ್ಟಿಮಾಡುವರು. ಹೊಸ ಮಣ್ಣಿನ ಕೊಡದಲ್ಲಿ ನೀರನ್ನು ಆರಿಸಿಟ್ಟು ನಡುರಾತ್ರಿಯ ಮೇಲೆ ಕೆಲಸಕ್ಕೆ ಕೈಯಿಕ್ಕುವರು. ನಡುರಾತ್ರಿಯ ಕೆಲಸವು ಅವರ ಉಡಾಳತನವಲ್ಲ, ಕೃಷ್ಣಾತೀರದ ಬಿಸಿಲಿನ ಆಜ್ಞೆ. ಇದನ್ನು ನಾನು ತಿಳಿದುಕೊಂಡುದು ತಡವಾಗಿ.

೧೯೯೬ರ ಮಾತು. ನಮ್ಮ ಸೀಮೆಯ ಒಂದು ಪಟ್ಟಣದ ನಿಲಯದಲ್ಲಿ ನಾನು ಮೇಲ್ವಿಚಾರಕನಾಗಿದ್ದೆನು. ಪಾಠಶಾಲೆಯಿಂದ ಆಗತಾನೆ ಹೊರಬಂದವನು, ನಿಯಮವೆಂದರೆ ಪ್ರಾಣ. ದೇವದುರ್ಗ ತಾಲೂಕಿನ ಒಂದು ಹಳ್ಳಿಯಿಂದ ಬಂದ ಹುಡುಗನೊಬ್ಬನು ಆ ಊರ ಕಲಾಶಾಲೆಯಲ್ಲಿ ಛಾಯಾಗ್ರಹಣವನ್ನು ಕಲಿಯುತ್ತಿದ್ದನು. ಮೆಟ್ಟಿಲ ಕೆಳಗಿನ ಉಗ್ರಾಣವನ್ನು ರಾತ್ರಿಹೊತ್ತು ಬಳಸಿಕೊಳ್ಳಲು ಅಪ್ಪಣೆ ಬೇಕೆಂದು ಎರಡು ಬಾರಿ ನನ್ನನ್ನು ಕೇಳಿದ್ದನು. ಎರಡು ಬಾರಿಯೂ, ದೀಪ ಆರಿದ ಮೇಲೆ ಹಾಸಿಗೆ ಬಿಟ್ಟೇಳುವುದು ಕೂಡದೆಂದು ಹೇಳಿ ಕಳುಹಿದ್ದೆನು. ಏತಕ್ಕೆಂದು ಕೇಳಲಿಲ್ಲ.

ಆ ವರ್ಷ ದೇವಸುಗೂರಿನಲ್ಲಿ ಶ್ರೀ ಸುಗೂರೇಶ್ವರನ ಜಾತ್ರೆ. ಹಿರಿಯ ಶ್ರೀಗಳವರು ಅಸ್ವಸ್ಥರಾಗಿದ್ದರೂ ಹಟತೊಟ್ಟು ರಥೋತ್ಸವಕ್ಕೆ ದಯಮಾಡಿಸಿದ್ದರು. ಪುರವಂತರ ಒಡಪುಗಳು ಮುಗಿದ ಮೇಲೆ ಹೊಳೆಯ ದಂಡೆಗೆ ಇಳಿದು, ಮರಳಿನಲ್ಲಿ ಬಹಳ ಹೊತ್ತು ಒಬ್ಬರೇ ನಿಂತಿದ್ದರು. ಚಿತ್ರ ತೆಗೆಯಿಸಿಕೊಳ್ಳುವುದಕ್ಕೆ ಅವರು ಸಾಮಾನ್ಯವಾಗಿ ಒಪ್ಪುತ್ತಿರಲಿಲ್ಲ. ಅಂದು ಈ ಹುಡುಗನು ಕೈಮುಗಿದು ಕೇಳಿದಾಗ ನಕ್ಕು, ತೆಗೆದುಕೋ ಎಂದರಂತೆ. ಇದೂ ನನಗೆ ಆಮೇಲೆ ತಿಳಿದುದು.

ಜಾತ್ರೆಯಿಂದ ಮರಳಿದ ಮಾರನೆಯ ರಾತ್ರಿ, ಎರಡು ಗಂಟೆಯ ಸುಮಾರಿಗೆ, ಉಗ್ರಾಣದಲ್ಲಿ ಸದ್ದಾಯಿತು. ಬಾಗಿಲ ಸಂದಿಗೆ ಒಳಗಿನಿಂದ ಕಂಬಳಿಯನ್ನು ತುರುಕಿತ್ತು. ಬೀಡಿಯೋ ಇಸ್ಪೀಟೋ ಎಂದು ನಿಶ್ಚಯಿಸಿಕೊಂಡು ಟಾರ್ಚು ಹಿಡಿದು ಹೋದೆನು. ‘ಶಾಸ್ತ್ರಿಗಳ್ರೀ, ಬಾಗ್ಲ ತೆಗೀಬ್ಯಾಡ್ರಿ, ಅಪ್ಪಾರ ಫೋಟೋ ಐತ್ರಿ’ ಎಂದು ಒಳಗಿನಿಂದ ಕೂಗಿದುದು ಕಿವಿಗೆ ಬಿದ್ದಿತು. ಬಿದ್ದರೂ ತೆರೆದೆನು. ಟಾರ್ಚಿನ ಬೆಳಕು ನೇರವಾಗಿ ಅವನ ಕೈಯ ಮೇಲೆ ಬಿದ್ದಿತು. ಉರುಟೆಗೆ ಅರ್ಧ ಸುತ್ತಿದ್ದ ಸುರುಳಿಯು ಅವನ ಬೆರಳುಗಳಲ್ಲಿ ತೂಗುತ್ತಿತ್ತು. ಪಕ್ಕದಲ್ಲಿ ಮಣ್ಣಿನ ಕೊಡ, ಎರಡು ತಟ್ಟೆ, ಒಂದು ಹಳೆಯ ಗಡಿಯಾರ. ಅವನು ಏನೂ ಅನ್ನಲಿಲ್ಲ. ನಾನು ಬೈದೆನು, ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಎಲ್ಲರ ಇದಿರಿಗೆ ನಿಲ್ಲಿಸಿದೆನು. ಆ ವಾರವೇ ಅವನು ಗಂಟು ಕಟ್ಟಿಕೊಂಡು ನಿಲಯವನ್ನು ಬಿಟ್ಟುಹೋದನು. ಎಂಟು ತಿಂಗಳಲ್ಲಿ ಶ್ರೀಗಳವರು ಲಿಂಗೈಕ್ಯರಾದರು. ಆಗ ಎಲ್ಲರೂ ಕಡೆಯ ಚಿತ್ರವನ್ನು ಹುಡುಕಿದರು. ನಾನು ಹುಡುಕಲಿಲ್ಲ.

ಸಂಪುಟದ ಕಾರ್ಯವು ಮೊದಲಾದಾಗ ಮಠದ ಪೆಟ್ಟಿಗೆಯಲ್ಲಿದ್ದ ಹಳೆಯ ಗಾಜಿನ ಫಲಕಗಳನ್ನು ಯಾರಿಂದ ನಕಲು ಮಾಡಿಸಬೇಕೆಂಬ ಪ್ರಶ್ನೆ ಬಂದಿತು. ಬೂಷ್ಟು ಹಿಡಿದು ಅಂಚು ಒಡೆದ ಅವನ್ನು ಮುಟ್ಟಲು ಹಲವರು ಅಂಜಿದರು. ಇಂದಿನವರು ಎಲ್ಲವನ್ನೂ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆಯುತ್ತಾರೆ. ಗಾಜಿನ ಗುಣ ಬಲ್ಲವರು ವಿರಳ. ಕಡೆಗೆ ಒಬ್ಬರು ಬಂದರು. ನೆರೆಯ ಜಿಲ್ಲೆಯ ಊರೊಂದರಲ್ಲಿ ಅವರದು ಸ್ವಂತ ಸ್ಟುಡಿಯೋ ಇದೆ. ಗಡ್ಡ ನರೆತಿತ್ತು, ಆದರೂ ಉಗುರುಗಳನ್ನು ನೋಡಿ ಗುರುತಿಸಿದೆನು. ನಾಲ್ಕು ದಿನ ಮಠದಲ್ಲಿಯೇ ಇದ್ದು, ಪಂಕ್ತಿಯಲ್ಲಿ ಕುಳಿತು ಪ್ರಸಾದ ತೆಗೆದುಕೊಂಡು, ರಾತ್ರಿಯೆಲ್ಲ ಕೆಲಸ ಮಾಡಿದರು. ಈ ಸಂಪುಟದ ಮೊದಲ ಚಿತ್ರಪುಟಗಳೆಲ್ಲ ಅವರ ಕೈಯಿಂದ ಬಂದವು. ಸಂಭಾವನೆಯನ್ನು ತೆಗೆದುಕೊಳ್ಳಲಿಲ್ಲ. ಎರಡನೆಯ ರಾತ್ರಿ ನಾನು ಹಾಲು ತೆಗೆದುಕೊಂಡು ಹೋಗಿ ಬಾಗಿಲು ಬಡಿದು ಕಾದು ನಿಂತೆನು. ಒಳಗಿನಿಂದ ‘ಬರ್ರಿ ಶಾಸ್ತ್ರಿಗಳ, ಈಗ ತೆಗೀಬೌದ್ರಿ’ ಎಂಬ ಮಾತು ಬಂದಿತು.

ನಿಲಯದಲ್ಲಿ ಕಸುಬಿನ ವಿದ್ಯಾರ್ಥಿಗಳಿಗಾಗಿ ಒಂದು ಕೋಣೆಯನ್ನು ಬಿಟ್ಟುಕೊಡಬೇಕೆಂದು ನಾನು ಆಡಳಿತ ಮಂಡಲಿಗೆ ಅರಿಕೆ ಬರೆದೆನು. ಈಗ ಫಿಲ್ಮನ್ನು ತೊಳೆಯುವವರೇ ಇಲ್ಲವೆಂದು ಕೆಲವರು ಆಕ್ಷೇಪಿಸಿದರು. ಅದು ನಿಜವೇ. ಆದರೆ ಈಗಿನ ಹುಡುಗರೂ ಹಗಲು ತೆಗೆದುದನ್ನು ರಾತ್ರಿ ಗಣಕಯಂತ್ರದ ಮುಂದೆ ಕುಳಿತು ತಿದ್ದುತ್ತಾರೆ. ಮದುವೆಯ ಕಾಲದಲ್ಲಿ ಬೆಳಗಾಗುವವರೆಗೂ ತಿದ್ದುತ್ತಾರೆ. ಅವರಿಗೂ ಒಂಬತ್ತೂವರೆಯ ದೀಪದ ನಿಯಮವು ಹೊಂದುವುದಿಲ್ಲ. ಅರಿಕೆಯು ಒಪ್ಪಿತವಾಗಿದೆ. ಅದು ಆ ಹಳೆಯ ಉಗ್ರಾಣವಲ್ಲ. ಅದನ್ನು ಕೆಡವಿ ಬಹುಕಾಲವಾಯಿತು. ಬಾವಿಯ ಕಡೆಯ ಕೋಣೆ. ನಲ್ಲಿಯನ್ನು ಹಾಕಿಸಿದ್ದಾರೆ. ಒಳಗಿನಿಂದ ಹಾಕುವ ಚಿಲಕವನ್ನು ನಾನೇ ಕೊಂಡುತಂದೆನು.

ಹೊರಡುವ ದಿನ ಅವರು ತಮ್ಮ ಚೀಲದಿಂದ ಒಂದು ಲಕೋಟೆಯನ್ನು ತೆಗೆದುಕೊಟ್ಟರು. ಆ ರಾತ್ರಿಯ ಸುರುಳಿಯನ್ನು ಅವರು ಎಸೆದಿರಲಿಲ್ಲ. ಬೆಳಕು ಬಿದ್ದರೂ ಬಿಡದೆ ಅಂದೇ ತೊಳೆದಿಟ್ಟಿದ್ದರಂತೆ. ಹೊರಸುತ್ತುಗಳೆಲ್ಲ ಪೂರ್ತಿ ಹಾಳಾಗಿದ್ದವು. ಉರುಟೆಯ ಒಳಸುತ್ತಿನಲ್ಲಿದ್ದ ಒಂದು ಚಿತ್ರದ ಕೆಳಭಾಗವು ಮಾತ್ರ ಉಳಿದಿದೆ. ಅದರಲ್ಲಿ ಕೃಷ್ಣೆಯ ಮರಳೂ, ಕಾವಿಯ ಅಂಚೂ, ಎರಡು ಹಾವುಗೆಗಳೂ ಕಾಣುತ್ತವೆ. ಮೇಲಿನದೆಲ್ಲ ಬರಿಯ ಬಿಳುಪು. ಚಿತ್ರಪುಟಗಳಲ್ಲಿ ಸೇರಿಸಲು ಅದು ಯೋಗ್ಯವಲ್ಲವೆಂದು ಸಂಪಾದಕರು ಹೇಳಿದುದು ಸರಿಯೇ. ಆದರೂ ಈ ಲೇಖನದ ಜೊತೆಯಲ್ಲಾದರೂ ಚಿಕ್ಕದಾಗಿ ಅಚ್ಚುಹಾಕಬೇಕೆಂದು ಅವರನ್ನು ಬೇಡಿಕೊಂಡಿದ್ದೇನೆ. ಅದರಲ್ಲಿ ಕಾಣುವ ಬಿಳುಪು ನನ್ನ ಟಾರ್ಚಿನ ಬೆಳಕು.